ಬಿಡಿಸಬೇಡಿ, ಮೊದಲು ಉಜ್ಜಿ

‘ಏನೂ ಹೊಳೀತಿಲ್ಲ’ ಅನ್ನುವವರ ಕೈಗೆ ಪೆನ್ಸಿಲ್ ಕೊಟ್ಟು ನೋಡಿ. ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲೊಂದು ತೆಂಗಿನಮರ. ಕೈಗೆ ರೂಢಿಯಾಗಿದ್ದೇ ಹಾಳೆಗೆ ಇಳಿಯುತ್ತದೆ. ಈ ರೂಢಿಯನ್ನು ಬುದ್ಧಿ ಹೇಳಿ ಬಿಡಿಸಲಾಗದು. ಕೈಗೆ ಬೇರೆ ಕೆಲಸ ಕೊಡಬೇಕು.

ಆ ಕೆಲಸ ಉಜ್ಜುವುದು. ನಾಣ್ಯದ ಮೇಲೆ ಹಾಳೆಯಿಟ್ಟು ಪೆನ್ಸಿಲ್ ತಿಕ್ಕಿದ್ದು ಎಲ್ಲರಿಗೂ ನೆನಪಿರಬೇಕು. ಕಲಾವಿದರು ಇದನ್ನು ಫ್ರೊಟಾಜ್ ಅನ್ನುತ್ತಾರೆ. ಜರ್ಮನಿಯಲ್ಲಿ ಹುಟ್ಟಿದ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ ತಾನೇ ಬರೆದುಕೊಂಡಂತೆ, 1925ರ ಆಗಸ್ಟ್ 10ರಂದು ಫ್ರಾನ್ಸಿನ ಕಡಲತೀರದ ವಸತಿಗೃಹವೊಂದರಲ್ಲಿ ತಿಕ್ಕಿ ತಿಕ್ಕಿ ಸವೆದ ನೆಲದ ಹಲಗೆಗಳ ಗೆರೆಗಳು ಅವನ ಕಣ್ಣಿಗೆ ಕಚ್ಚಿಕೊಂಡವು. ಹಾಳೆ ಹಾಸಿ ಮೃದು ಪೆನ್ಸಿಲಿನಿಂದ ಉಜ್ಜಿದ. ಮುಂದಿನ ವರ್ಷ ಇಂಥ 34 ಚಿತ್ರಗಳ ಸಂಪುಟವೇ ಹೊರಬಂತು. ನಮ್ಮ ಶಾಸನತಜ್ಞರು ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು ಮಸಿ ಒತ್ತಿ ತೆಗೆಯುವ ಪಡಿಯಚ್ಚು ಇದರ ದಾಯಾದಿಯೇ. ಆದರೆ ಅವರಿಗೆ ಕಲ್ಲಿನಲ್ಲಿ ಇದ್ದದ್ದು ಬೇಕು, ನಮಗೆ ಇಲ್ಲದ್ದು.

ಹಾಳೆ 75 ಜಿಎಸ್‌ಎಮ್ ಜೆರಾಕ್ಸ್ ಪೇಪರ್ ಸಾಕು. ಡ್ರಾಯಿಂಗ್ ಶೀಟ್ ತರಬೇಡಿ, ದಪ್ಪ ಹಾಳೆ ಉಬ್ಬುತಗ್ಗುಗಳನ್ನೆಲ್ಲ ನುಂಗಿಬಿಡುತ್ತದೆ. ಪೆನ್ಸಿಲ್ 4ಬಿ ಅಥವಾ 6ಬಿ. ಎಚ್‌ಬಿಯ ಗಟ್ಟಿ ಮೊನೆ ಗೀರುತ್ತದೆಯೇ ಹೊರತು ಉಜ್ಜುವುದಿಲ್ಲ. ಸೀಸವನ್ನು ಒಂದು ಸೆಂಟಿಮೀಟರಿನಷ್ಟು ಹೊರಗೆ ಬರುವಂತೆ ಹೆರೆದು, ಪೆನ್ಸಿಲನ್ನು ಮಲಗಿಸಿ ಹಿಡಿಯಿರಿ. ಹಾಳೆಯ ನಾಲ್ಕು ಮೂಲೆಗೂ ಟೇಪ್ ಹಚ್ಚಿ. ಒಂದು ಕೂದಲೆಳೆಯಷ್ಟು ಜರುಗಿದರೂ ಗೆರೆ ಜೋಡಿಯಾಗಿ ಮಸುಕಾಗುತ್ತದೆ.

ವಸ್ತುಗಳಿಗೆ ಅಡುಗೆಮನೆಗೇ ಹೋಗಿ. ಮೊರದ ಹೆಣಿಗೆ ಚೆನ್ನಾಗಿ ಏಳುತ್ತದೆ. ಚಕ್ಕುಲಿ ಒರಳಿನ ಬಿಲ್ಲೆಯಲ್ಲಿ ನಕ್ಷತ್ರದ ತೂತು ಬೆಳ್ಳಗೆ ಉಳಿದು, ಅಂಚು ಮಾತ್ರ ಕಪ್ಪಗೆ ಹೊಳೆಯುತ್ತದೆ. ತುರಿಯುವ ಮಣೆ ಬೇಡ, ಹಲ್ಲು ಹಾಳೆಯನ್ನು ಹರಿಯುತ್ತದೆ. ಎಲೆಯಾದರೆ ಬೆನ್ನು ಮೇಲೆ ಬರಲಿ, ನರ ಉಬ್ಬಿರುವುದು ಆ ಕಡೆ. ಆಗತಾನೇ ಕಿತ್ತದ್ದು ರಸ ಬಿಡುತ್ತದೆ. ಒಂದು ದಿನ ಪುಸ್ತಕದಡಿ ಒತ್ತಿಡಿ. ತೀರಾ ಒಣಗಿದರೆ ಪುಡಿಯಾಗುತ್ತದೆ.

ಮೊದಲ ಸುತ್ತು ಹಗುರವಾಗಿ, ಒಂದೇ ದಿಕ್ಕಿಗೆ. ಆಕಾರ ಎದ್ದ ಮೇಲೆ ಬೇಕಾದ ಕಡೆ ಮಾತ್ರ ಎರಡನೇ ಸಲ. ಶುರುವಿನಲ್ಲೇ ಒತ್ತಿದರೆ ಉಬ್ಬಿನ ಜೊತೆ ತಗ್ಗೂ ತುಂಬಿಕೊಂಡು ಬರೀ ಬೂದಿಬಣ್ಣ ಉಳಿಯುತ್ತದೆ. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ, ಅವಸರಕ್ಕೆ. ಒಂದೇ ಹಾಳೆಯಲ್ಲಿ ಎರಡು ವಸ್ತು ಸಾಕು, ಮೂರಾದರೆ ಸಂತೆ.

ಇಷ್ಟಾದರೆ ಅದು ಬರೀ ಕೈಕೆಲಸ. ಹಾಳೆಯನ್ನು ಒಂದು ರಾತ್ರಿ ಎತ್ತಿಡಿ. ಯಾವುದು ಮೊರ, ಯಾವುದು ಎಲೆ ಎಂಬ ನೆನಪು ಸ್ವಲ್ಪ ಮಾಸಬೇಕು. ಮರುದಿನ ರಟ್ಟಿನಲ್ಲಿ 6 ಸೆಂ.ಮೀ. ಚೌಕ ಕತ್ತರಿಸಿ, ಆ ಕಿಟಕಿಯನ್ನು ಹಾಳೆಯ ಮೇಲೆ ನಿಧಾನಕ್ಕೆ ಸರಿಸುತ್ತಾ ಹೋಗಿ. ನಾಲ್ಕೂ ದಿಕ್ಕಿಗೆ ತಿರುಗಿಸಿ. ಮೊದಲು ಕಾಣುವುದು ಮುಖ. ಎರಡು ಚುಕ್ಕೆ ಸಿಕ್ಕರೆ ಕಣ್ಣು ಮಾಡುವುದು ನಮ್ಮ ಮಿದುಳಿನ ಚಟ. ಅದನ್ನು ಬಿಟ್ಟುಬಿಡಿ. ಎರಡನೆಯದನ್ನೂ ಬಿಡಿ. ಮೂರನೆಯದಕ್ಕೆ ಕಾಯಿರಿ. ತಲೆಕೆಳಗಾದ ಮೊರದ ಹೆಣಿಗೆ ಮೀನಿನ ಪೊರೆಯಾಗಬಹುದು, ಎಲೆಯ ನಡುನರ ಆಕಾಶದಿಂದ ಕಂಡ ಹೊಳೆಯಾಗಬಹುದು. ಹೊಳೆಯಲ್ಲಿ ಹೊಲದಷ್ಟು ದೊಡ್ಡ ಮೀನು!

ಆಮೇಲೆ ಪೆನ್ನು ಹಿಡಿದು, ಕಂಡದ್ದನ್ನು ಗೆರೆಯಲ್ಲಿ ಎತ್ತಿ ತೋರಿಸಿ. ನಾನು ಹಾಕುವ ಕಟ್ಟಳೆ ಹತ್ತೇ ಗೆರೆ. ರಬ್ಬರ್ ಎಷ್ಟು ಬೇಕಾದರೂ ಬಳಸಿ, ಬೇಡದ ಬೂದಿಯನ್ನು ತೆಗೆಯುವುದೂ ಬರೆಯುವುದೇ. ಗೆರೆಗೆ ಮಿತಿಯಿಲ್ಲದಿದ್ದರೆ ಪೊರೆಗೆ ಬಾಲ, ಬಾಲಕ್ಕೆ ನೀರು, ನೀರಿನಾಚೆ ಗುಡ್ಡ, ಸೂರ್ಯ... ತೆಂಗಿನಮರ ವಾಪಸ್.

ಮುಗಿದ ಹಾಳೆಯನ್ನು ಹಾಗೇ ಜೋಡಿಸಿಡಬೇಡಿ, ಸೀಸದ ಪುಡಿ ಮೇಲಿನ ಹಾಳೆಗೆ ಮೆತ್ತಿಕೊಳ್ಳುತ್ತದೆ. ಕಿಟಕಿ ತೆರೆದು, ಒಂದಡಿ ದೂರದಿಂದ, ಪುಡಿಯನ್ನು ಹಾಳೆಗೇ ಅಂಟಿಸಿ ನಿಲ್ಲಿಸುವ ಫಿಕ್ಸೆಟಿವ್ ಸ್ಪ್ರೇಯನ್ನು ತೆಳುವಾಗಿ ಎರಡು ಸಲ ಹೊಡೆಯಿರಿ. ಅದಿಲ್ಲದಿದ್ದರೆ ನಡುನಡುವೆ ಬಟರ್ ಪೇಪರ್ ಇಟ್ಟರಾಯಿತು.