ಮುಲುಂಡಿನಲ್ಲಿ ಮಲಾವಿ: ಏಳನೆಯ ತಿಂಗಳು

ಫೆಬ್ರವರಿಯಲ್ಲಿ ಮುಂಬೈನ ಕುರ್ಲಾದಿಂದ ಮುಲುಂಡಿನ ಮನೆಗೆ ತಂದಾಗ ಹನ್ನೆರಡು ಮೀನುಮರಿಗಳಲ್ಲಿ ಒಂದೂ ಮೂರು ಸೆಂಟಿಮೀಟರ್ ದಾಟಿರಲಿಲ್ಲ. ಆರು ಹಳದಿ ಲ್ಯಾಬ್, ಐದು ರಸ್ಟಿ, ಒಂದು ಆರಾಟಸ್. ಲ್ಯಾಬ್ ಮತ್ತು ರಸ್ಟಿ ಆಫ್ರಿಕಾದ ಮಲಾವಿ ಸರೋವರದ ಬಂಡೆಮೀನುಗಳಲ್ಲಿ ಸಾಧುಗಳೆಂದು ತಿಳಿದೇ ಆರಿಸಿದ್ದೆ. ಆರಾಟಸ್ ಮಾತ್ರ ಆಸೆಗೆ ಬಿದ್ದು ತಂದದ್ದು. ಹೊನ್ನಿನ ಮೈಗೆ ಕಪ್ಪು ಪಟ್ಟೆ. ಅದರಿಂದ ಕಣ್ಣು ಕೀಳಲು ಆಗಲಿಲ್ಲ.

ತೊಟ್ಟಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಕಲ್ಲು, ಮರಳು ಕಳೆದು ಸುಮಾರು 220 ಲೀಟರ್ ನೀರು ಹಿಡಿಯುತ್ತದೆ. ತಳದ ಗಾಜಿಗೆ ತೆಳುವಾದ ಥರ್ಮಾಕೋಲ್ ಹಾಸಿ, ಅದರ ಮೇಲೆ ಕಲ್ಲು ಪೇರಿಸಿ, ಆಮೇಲೆ ಮರಳು ಸುರಿದೆ. ಈ ಮೀನುಗಳು ಬಾಯಿ ತುಂಬ ಮರಳೆತ್ತಿ ಬೇರೆಡೆ ಉಗುಳುತ್ತವೆ. ಮರಳಿನ ಮೇಲೆ ನಿಂತ ಕಲ್ಲು ಒಂದಲ್ಲ ಒಂದು ದಿನ ಉರುಳುತ್ತದೆ.

ನಮ್ಮ ನಲ್ಲಿಯ ನೀರು ಇವುಗಳಿಗೆ ತೀರ ಮೆದು. ಅಳೆದಾಗ ಪಿಎಚ್ 7.2, ಕಾರ್ಬೊನೇಟ್ ಗಡಸುತನ 3 ಡಿಗ್ರಿ ಬಂತು. ಇವುಗಳಿಗೆ 7.8ರಿಂದ 8.6ರವರೆಗಿನ ಪಿಎಚ್ ಹಿತ. ಅಮ್ಮ ಮಂಗಳೂರಿನಿಂದ ಬರುವಾಗ ಒಂದು ಚೀಲ ಮರುವಾಯಿ ಚಿಪ್ಪು ತಂದರು. ಕುದಿಸಿ, ಉಜ್ಜಿ, ಕುಟ್ಟಿ, ಬಲೆಚೀಲದಲ್ಲಿ ಕಟ್ಟಿ ಫಿಲ್ಟರ್ ಒಳಗಿಟ್ಟೆ. ಚಿಪ್ಪಿನ ಸುಣ್ಣ ನಿಧಾನವಾಗಿ ಕರಗಿ, ಮೂರು ವಾರದಲ್ಲಿ ಪಿಎಚ್ 7.9ಕ್ಕೆ ಬಂದು ನಿಂತಿತು. ವಾರಕ್ಕೊಮ್ಮೆ ಮೂರನೆಯ ಒಂದು ಪಾಲು ನೀರು ಬದಲಿಸುವಾಗ ಚಿಟಿಕೆ ಅಡುಗೆ ಸೋಡಾವನ್ನೂ ಸೇರಿಸುತ್ತೇನೆ.

ಮೇ ತಿಂಗಳಲ್ಲಿ ನೀರು 31 ಡಿಗ್ರಿಗೆ ಏರಿತು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಮುಚ್ಚಳ ತೆಗೆದು ಮೇಜಿನ ಫ್ಯಾನ್ ಹಚ್ಚಿದ್ದರಿಂದ 28ಕ್ಕೆ ಇಳಿಯಿತು.

ನಿಜವಾದ ಕಷ್ಟ ಶುರುವಾದದ್ದು ಮಳೆಯ ಜೊತೆಗೆ. ಅಲ್ಲಿಯವರೆಗೆ ಹನ್ನೆರಡೂ ಒಂದೇ ಗುಂಪಾಗಿ ಗಾಜಿನ ಬಳಿ ಓಡಿ ಬರುತ್ತಿದ್ದವು. ಜೂನ್ ನಡುವಿನಲ್ಲಿ ಆರಾಟಸ್‌ನ ಹೊನ್ನಿನ ಹೊಟ್ಟೆ ಕಪ್ಪಾಗತೊಡಗಿತು. ಗಂಡು ಪ್ರಾಯಕ್ಕೆ ಬರುವಾಗ ಬಣ್ಣ ತಿರುಗುಮುರುಗಾಗುತ್ತದೆ: ಮೈ ಕಪ್ಪು, ಪಟ್ಟೆ ತಿಳಿ. ಎಡಗಡೆಯ ಕಲ್ಲುರಾಶಿ ಪೂರ್ತಿ ಅದರದಾಯಿತು. ಒಂದು ರಸ್ಟಿ ಫಿಲ್ಟರ್ ಕೊಳವೆಯ ಹಿಂದೆ, ನೀರಿನ ಮೇಲ್ಭಾಗದ ಮೂಲೆಯಲ್ಲಿ ನಿಂತೇ ಇರುತ್ತಿತ್ತು. ಬಾಲದ ರೆಕ್ಕೆ ಹರಿದಿತ್ತು. ಬಂಡೆಮೀನು ಕಲ್ಲು ಬಿಟ್ಟು ಮೇಲೆ ನಿಂತಿತೆಂದರೆ ಅದಕ್ಕೆ ಕೆಳಗೆ ಜಾಗವಿಲ್ಲ ಎಂದೇ ಅರ್ಥ. "ಆ ಪಟ್ಟೆಯವನಿಗೆ ತಿನ್ನುವುದಕ್ಕಿಂತ ಅಟ್ಟುವುದೇ ಹೆಚ್ಚು" ಎಂದರು ಅಮ್ಮ. ಸಂಜೆ ತೊಟ್ಟಿಯ ಮುಂದೆ ನನಗಿಂತ ಹೆಚ್ಚು ಹೊತ್ತು ಕೂರುವವರು ಅವರೇ.

ಆರಾಟಸ್ ಅನ್ನು ತೇಲುವ ಬುಟ್ಟಿಗೆ ಹಾಕಿ, ಕಲ್ಲುಗಳನ್ನೆಲ್ಲ ಬೇರೆ ರೀತಿ ಜೋಡಿಸಿ, ಐದು ದಿನ ಬಿಟ್ಟು ಹೊರಗೆ ಬಿಟ್ಟೆ. ಗುರುತಿನ ಮನೆ ಇಲ್ಲವಾದರೆ ಯಜಮಾನಿಕೆಯೂ ಹೊಸದಾಗಿ ಶುರುವಾಗಬೇಕು. ನಾಲ್ಕು ದಿನ ಶಾಂತವಾಗಿತ್ತು. ಐದನೆಯ ದಿನ ಬಲಗಡೆಯ ರಾಶಿಯೂ ಅದರದಾಯಿತು. ಮೀನು ಹೆಚ್ಚಿದ್ದರೆ ಏಟು ಹಂಚಿಹೋಗುತ್ತದೆ ಎನ್ನುವುದು ನಿಜ, ಆದರೆ ನನ್ನ ಹನ್ನೊಂದರಲ್ಲಿ ತಿರುಗಿ ನಿಲ್ಲುವಂಥದ್ದು ಒಂದೂ ಇರಲಿಲ್ಲ. ಜುಲೈ ಮೊದಲ ವಾರ ಐರೋಲಿಯ ಗೆಳೆಯನ ಆರಡಿ ತೊಟ್ಟಿಗೆ ಅದನ್ನು ಒಪ್ಪಿಸಿ ಬಂದೆ. ಅಲ್ಲಿ ಅದಕ್ಕೆ ಸರಿಸಮನಾದ ದೊಡ್ಡ ಮೀನುಗಳಿವೆ. ರೈಲಿನಲ್ಲಿ ಖಾಲಿ ಡಬ್ಬಿ ಹಿಡಿದು ಬರುವಾಗ ದುಃಖವಾಯಿತು. ತೊಟ್ಟಿಯಲ್ಲಿ ಎಲ್ಲಕ್ಕಿಂತ ಚೆಂದದ ಮೀನು ಅದೇ ಆಗಿತ್ತು. ಮರುದಿನ ಬೆಳಗ್ಗೆ ರಸ್ಟಿ ಕೊಳವೆ ಬಿಟ್ಟು ಕೆಳಗಿಳಿದಿತ್ತು. ಬಾಲ ಮೂರು ವಾರದಲ್ಲಿ ಬೆಳೆಯಿತು.

ಈಗ ಸೆಪ್ಟೆಂಬರ್. ಲ್ಯಾಬ್‌ಗಳು ಏಳು ಸೆಂಟಿಮೀಟರ್ ಆಗಿವೆ. ಇವುಗಳ ಶಾಸ್ತ್ರೀಯ ಹೆಸರಿನಲ್ಲಿರುವ 'ಕೆರೂಲಿಯಸ್' ಎಂದರೆ ನೀಲಿ, ನನ್ನ ತೊಟ್ಟಿಯಲ್ಲಿರುವುದು ನಿಂಬೆಹಣ್ಣಿನ ಹಳದಿ. ಅವುಗಳಲ್ಲಿ ಒಂದು ಹನ್ನೊಂದು ದಿನದಿಂದ ಸ್ಪಿರುಲಿನಾ ಎಂಬ ಪಾಚಿಯ ಆಹಾರ ಹಾಕಿದರೂ ಬಾಯಿ ತೆರೆಯುತ್ತಿಲ್ಲ. ಗಂಟಲು ಉಬ್ಬಿದೆ, ಆಗಾಗ ಬಾಯೊಳಗೆ ಏನನ್ನೋ ಹೊರಳಿಸುತ್ತದೆ. ಮೊಟ್ಟೆಗಳು! ಸುಮಾರು ಮೂರು ವಾರ ತಾಯಿ ಹೀಗೆ ಉಪವಾಸವಿದ್ದು ಮರಿಗಳನ್ನು ಕಾಯುತ್ತದೆ. ಈಗಲೇ ಹಿಡಿದರೆ ಗಾಬರಿಗೆ ಉಗುಳಬಹುದು. ಉಪವಾಸದ ಹದಿನೆಂಟನೆಯ ರಾತ್ರಿ, ದೀಪ ಆರಿಸಿದ ಮೇಲೆ, ಬಲೆ ಹಾಕುತ್ತೇನೆ. ಬಾಲ್ಕನಿಯ ಪುಟ್ಟ ತೊಟ್ಟಿಯನ್ನು ತೊಳೆದು ಒಳಗೆ ತಂದಿದ್ದೇನೆ. ಅದರ ಫಿಲ್ಟರಿನ ಸ್ಪಂಜು ಈಗ ದೊಡ್ಡ ತೊಟ್ಟಿಯ ಫಿಲ್ಟರ್ ಒಳಗೆ, ನೀರು ಶುಚಿಮಾಡುವ ಬ್ಯಾಕ್ಟೀರಿಯಾ ಹತ್ತಿಸಿಕೊಂಡು, ಹದವಾಗುತ್ತಿದೆ.