ಅಕ್ಕನ ಮರುಭೂಮಿ ರಜೆ

ಡಿಸೆಂಬರ್ ಅಂದರೆ ನಮ್ಮ ಚಿಕ್ಕಮಗಳೂರಲ್ಲಿ ಅರೇಬಿಕಾ ಕುಯ್ಲು. ಕಣದ ತುಂಬಾ ಕಾಫಿ ಹರಡಿರುವಾಗ ಮನೆ ಬಿಟ್ಟು ಹೋಗೋ ಮಾತೇ ಇಲ್ಲ. ಅಮೆರಿಕದಲ್ಲಿರುವ ಅಕ್ಕ, ಭಾವ, ಮಕ್ಕಳು ಮಾತ್ರ ಕ್ರಿಸ್‌ಮಸ್ ರಜೆಗೆ ಆರ್‌ವಿ ಬಾಡಿಗೆಗೆ ತೆಗೆದುಕೊಂಡು ಮರುಭೂಮಿ ಸುತ್ತುತ್ತಿದ್ದಾರೆ. ಮಂಚ, ಒಲೆ, ಬಚ್ಚಲು ಎಲ್ಲಾ ಇರುವ ಗಾಡಿ.

ಮೊದಲು ಡೆತ್ ವ್ಯಾಲಿ. ಅಲ್ಲಿನ ಬ್ಯಾಡ್‌ವಾಟರ್ ಬೇಸಿನ್ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. 1913ರ ಜುಲೈನಲ್ಲಿ ಆ ಕಣಿವೆಯಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಹಾಗಾಗಿ ತಿರುಗಾಡೋಕೆ ಚಳಿಗಾಲವೇ ಸರಿ. ರಾತ್ರಿ ಮಾತ್ರ ಗಡಗಡ ನಡುಗುವ ಚಳಿಯಂತೆ.

ಈಗ ಅರಿಜೋನಾದಲ್ಲಿದ್ದಾರೆ. ಸಗ್ವಾರೋ ಕಳ್ಳಿಯ ಫೋಟೋ ಕಳಿಸಿದ್ದರು. ಅದಕ್ಕೆ ಮೊದಲ ಕೊಂಬೆ ಬರೋಕೇ 50ರಿಂದ 75 ವರ್ಷ, ಕೆಲವಕ್ಕೆ ಇನ್ನೂ ಜಾಸ್ತಿ ಬೇಕು. ಮಳೆ ಬಂದಾಗ ನೀರು ಹೀರಿ ಕಾಂಡದಲ್ಲೇ ಕೂಡಿಟ್ಟುಕೊಳ್ಳುತ್ತದೆ. ಅಮ್ಮ ಆ ಫೋಟೋವನ್ನು ತುಂಬಾ ಹೊತ್ತು ನೋಡಿದರು. "ಎಷ್ಟು ತಾಳ್ಮೆ ನೋಡು ಇದಕ್ಕೆ" ಅಂದರು.

ನನಗೆ ಇಷ್ಟವಾಗಿದ್ದು ನೀರಿನ ವಿಷಯ. ಗಾಡಿಯ ಟ್ಯಾಂಕ್ ಖಾಲಿಯಾದರೆ ಮತ್ತೆ ತುಂಬಿಸೋಕೆ ಎಷ್ಟೋ ದೂರ ಹೋಗಬೇಕು. ಮಕ್ಕಳು ತಟ್ಟೆಯನ್ನು ಮೊದಲು ಒರೆಸಿ, ಆಮೇಲೆ ಒಂದೇ ಲೋಟ ನೀರಲ್ಲಿ ತೊಳೆಯುತ್ತಿದ್ದಾರೆ. ಯಾರೂ ಹೇಳಿಕೊಟ್ಟಿಲ್ಲ. ಮಲೆನಾಡಿನ ಮಳೆ ನೋಡಿ ಬೆಳೆದ ನಮಗೆ ಈ ಎಚ್ಚರ ಅಷ್ಟಾಗಿ ಬರಲೇ ಇಲ್ಲ, ಅಲ್ವಾ? ಈಗೀಗ ಬೇಸಿಗೆಯಲ್ಲಿ ಇಲ್ಲೂ ಹಳ್ಳ ಬತ್ತುತ್ತದೆ.

ಕುಯ್ಲು ಮುಗಿದ ಮೇಲೆ ಅಪ್ಪ ಅಮ್ಮನನ್ನು ಗುಜರಾತಿನ ಉಪ್ಪಿನ ಮರುಭೂಮಿಯಾದ ಕಚ್‌ನ ಬಿಳಿ ರಣ್‌ಗೆ ಕರೆದುಕೊಂಡು ಹೋಗುವ ಆಸೆ ಇದೆ. ಫೆಬ್ರವರಿಯಲ್ಲಿ ಹೋಗಿ ಬಂದವರು ಯಾರಾದರೂ ಇದ್ದರೆ ತಿಳಿಸಿ.