ಕವಲೇದುರ್ಗದ ಬಯಲಲ್ಲಿ ಮಳೆ ನಕ್ಷತ್ರಗಳು

ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯಲ್ಲಿ ಜಾತ್ರೆ. ತುಂಗೆಯಲ್ಲಿ ಮೀಯಲು ಬಂದವರು, ಬಳೆ ಅಂಗಡಿ, ಮಿಠಾಯಿ ಅಂಗಡಿ, ಕಾಲಿಡಲು ಜಾಗವಿಲ್ಲ. ಜಾತ್ರೆ ನನಗೂ ಇಷ್ಟ. ಆದರೆ ಈ ಸಲ ನಾನು, ತಮ್ಮ ಶಿವಮೊಗ್ಗದಿಂದ ಹೊರಟಿದ್ದು ಅಮಾವಾಸ್ಯೆಯ ಕತ್ತಲಿಗಾಗಿ. ಕವಲೇದುರ್ಗದ ಹತ್ತಿರ ಇರುವ ಸೋದರಮಾವನ ಮನೆ ಸೇರುವಾಗ ಸಂಜೆಯಾಗಿತ್ತು.

ಅಡಿಕೆ ಕೊಯ್ಲಿನ ಕಾಲ. ಅಂಗಳದಲ್ಲಿ ಸುಲಿಯುವವರು ದೀಪ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಅಡಿಕೆ ಬೇಯಿಸುವ ಹಂಡೆ, ಚೊಗರಿನ ವಾಸನೆ. ಆ ಬೆಳಕು ಬೇಡವೆಂದು ಊಟ ಮುಗಿಸಿ ಕೊಯ್ಲಾದ ಗದ್ದೆಗೆ ಇಳಿದೆವು. ಮಾವನೂ ಬಂದರು.

ಹತ್ತು ನಿಮಿಷ ಕತ್ತಲಲ್ಲಿ ಸುಮ್ನೆ ನಿಂತರೆ ಕಣ್ಣು ಪಳಗುತ್ತದೆ. ಆಮೇಲೆ ಆಕಾಶ ಬೇರೆಯೇ ಆಗಿಬಿಡುತ್ತದೆ. ತಲೆಯ ಮೇಲೆ ಕೃತ್ತಿಕೆಯ ಗೊಂಚಲು. ಅದರ ಪೂರ್ವಕ್ಕೆ ರೋಹಿಣಿ. ಇನ್ನೂ ಕೆಳಗೆ ಮೃಗಶಿರ, ಅದಕ್ಕೆ ಅಂಟಿಕೊಂಡಂತೆ ಆರಿದ್ರಾ.

"ನಮ್ಮ ಮಳೆಗಳೇ ಅಲ್ವಾ!" ಎಂದರು ಮಾವ. "ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ ಅಂತ ಹೇಳ್ತಾನೇ ಬಂದೆ. ಈ ನಕ್ಷತ್ರ ನೋಡಿದ್ದು ಇವತ್ತೇ ಮಾರಾಯ."

ಮಳೆಗಾಲದಲ್ಲಿ ನೋಡುವುದಾದರೂ ಹೇಗೆ? ಜೂನ್ 22ರ ಹೊತ್ತಿಗೆ ಸೂರ್ಯ ಆರಿದ್ರೆಯ ಕಡೆಗೇ ಬಂದಿರುತ್ತಾನೆ. ಅದಕ್ಕೇ ಆ ಮಳೆಗೆ ಆ ಹೆಸರು. ನಕ್ಷತ್ರ ಹಗಲು ಹೊತ್ತು ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ. ಮೋಡವಿಲ್ಲದಿದ್ದರೂ ಕಾಣುವುದಿಲ್ಲ. ಆರು ತಿಂಗಳಾದ ಮೇಲೆ ಭೂಮಿ ಸೂರ್ಯನ ಆಚೆ ಬದಿಗೆ ಬಂದಾಗ ರಾತ್ರಿಯಿಡೀ ಕಾಣಸಿಗುತ್ತದೆ. ಮಲೆನಾಡಿಗರು ಇವುಗಳ ಹೆಸರು ಹೇಳಿಕೊಂಡು ಸಸಿ ಮಡಿ ಹಾಕುತ್ತಾರೆ, ನೆಟ್ಟಿ ಮಾಡುತ್ತಾರೆ. ಇವನ್ನು ಕಣ್ಣಾರೆ ನೋಡದೆ ಇರಬಾರದು ಎಂದು ನನಗೆ ಬಹಳ ಅನಿಸುತ್ತದೆ.

ಇನ್ನೊಂದು ಕಾರಣವೂ ಇದೆ. ನಕ್ಷತ್ರದ ಇಡೀ ಬಾಳು ಈ ಒಂದೇ ದಿಕ್ಕಿನಲ್ಲಿ ಸಿಗುತ್ತದೆ. ಆರಿದ್ರೆಯ ಕೆಳಗೆ ಮೂರು ನಕ್ಷತ್ರಗಳ ಸಾಲು, ಅದರ ಪಕ್ಕ ಒಂದು ಮಸುಕು ಕಲೆ. ಬೈನಾಕ್ಯುಲರ್‌ನಲ್ಲಿ ಅದು ಬೆಳ್ಳನೆಯ ಮೋಡ. ಸುಮಾರು 1,300 ಬೆಳಕಿನ ವರ್ಷ ದೂರದ ಆ ಅನಿಲ ಮತ್ತು ಧೂಳಿನ ಮೋಡದಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. ಕೃತ್ತಿಕೆಯವು ಹುಟ್ಟಿ ಸುಮಾರು 10 ಕೋಟಿ ವರ್ಷ. ನಮ್ಮ ಸೂರ್ಯನಿಗೆ 460 ಕೋಟಿ ವರ್ಷ, ಅವನೆದುರು ಇವು ಮಕ್ಕಳು. ರೋಹಿಣಿಗೆ ವಯಸ್ಸಾಗಿದೆ. ನಡುವಿನ ಹೈಡ್ರೋಜನ್ ಮುಗಿದು, ಹೊರಮೈ ಉಬ್ಬಿ, ಸೂರ್ಯನ ನಲವತ್ತು ಪಟ್ಟಿಗಿಂತ ಜಾಸ್ತಿ ಅಗಲವಾಗಿದೆ. ಉಬ್ಬಿದ ಮೈ ತಣಿದಿದ್ದರಿಂದ ಕಿತ್ತಳೆ ಬಣ್ಣ. ಸುಮಾರು 500 ಕೋಟಿ ವರ್ಷ ಕಳೆದರೆ ಸೂರ್ಯನೂ ಹೀಗೇ ಉಬ್ಬುತ್ತಾನೆ.

"ಹಾಗಾದ್ರೆ ಆರಿದ್ರೆ ಇನ್ನೂ ಹಳೇದಾ?" ಮಾವ ಕೇಳಿದರು.

ಅದೇ ವಿಚಿತ್ರ. ಆರಿದ್ರೆಗೆ ಒಂದು ಕೋಟಿ ವರ್ಷವೂ ಆದಂತಿಲ್ಲ, ಆಗಲೇ ಕೊನೆಗಾಲ. ಹಂಡೆ ದೊಡ್ಡದಾದಷ್ಟೂ ಒಲೆ ಜೋರಾಗಿ ಉರಿದು ಸೌದೆ ಬೇಗ ಮುಗಿಯುತ್ತದಲ್ಲ, ಹಾಗೆ. ಹುಟ್ಟುವಾಗಲೇ ಭಾರಿ ತೂಕವಿದ್ದ ನಕ್ಷತ್ರದ ಆಯಸ್ಸು ಕಡಿಮೆ. ಸೂರ್ಯನ ಜಾಗದಲ್ಲಿಟ್ಟರೆ ಆರಿದ್ರೆ ಮಂಗಳನ ಕಕ್ಷೆಯನ್ನೂ ದಾಟುತ್ತದೆ. 2019ರ ಕೊನೆಯಲ್ಲಿ ಅದು ಇದ್ದಕ್ಕಿದ್ದಂತೆ ಮಂಕಾದಾಗ ಸಿಡಿದೇಬಿಡುತ್ತದೇನೋ ಎಂದು ಕಾದವರಿದ್ದರು. ಅದೇ ಉಗುಳಿದ ಧೂಳು ಅಡ್ಡ ಬಂದಿತ್ತು ಅಂತ ಆಮೇಲೆ ತಿಳಿಯಿತು. ಇನ್ನೊಂದು ಲಕ್ಷ ವರ್ಷದೊಳಗೆ ಸಿಡಿಯಬಹುದು ಎಂಬುದು ಲೆಕ್ಕ.

ಸಿಡಿದರೆ ಹೇಗಿರುತ್ತದೆ? ರೋಹಿಣಿಯ ಹತ್ತಿರದ ಒಂದು ಖಾಲಿ ಜಾಗವನ್ನು ತಮ್ಮ ತೋರಿಸಿದ. 1054ರಲ್ಲಿ ಅಲ್ಲೊಂದು ನಕ್ಷತ್ರ ಸಿಡಿದದ್ದನ್ನು ಚೀನಾದವರು 23 ದಿನ ಹಗಲಲ್ಲೇ ನೋಡಿ ಬರೆದಿಟ್ಟರು. ಉಳಿದ ತಿರುಳು ಈಗ ಸುಮಾರು 20 ಕಿಲೋಮೀಟರ್ ಅಗಲದ ನ್ಯೂಟ್ರಾನ್ ನಕ್ಷತ್ರ. ಸೆಕೆಂಡಿಗೆ 30 ಸಲ ತಿರುಗುತ್ತದೆ.

ಸೂರ್ಯನಂಥ ನಕ್ಷತ್ರಕ್ಕೆ ಅಷ್ಟು ಅಬ್ಬರದ ಸಾವಿಲ್ಲ. ಹೊರಪದರ ಕಳಚಿ ಶ್ವೇತಕುಬ್ಜವಾಗಿ ಉಳಿಯುತ್ತದೆ. ಕಾಡಿನ ಮೇಲೆ ಮಿನುಗುತ್ತಿದ್ದ ಲುಬ್ಧಕದ ಜೊತೆ ಅಂಥದ್ದೊಂದಿದೆ. ಗಾತ್ರ ಭೂಮಿಯಷ್ಟು, ತೂಕ ಹೆಚ್ಚುಕಡಿಮೆ ಸೂರ್ಯನಷ್ಟು. 1862ರಲ್ಲಿ ಮೊದಲು ಕಂಡಿತು, ಬರಿಗಣ್ಣಿಗೆ ಕಾಣದು. ಇಂಥ ಶ್ವೇತಕುಬ್ಜ ಸೂರ್ಯನ 1.4 ಪಟ್ಟಿಗಿಂತ ಜಾಸ್ತಿ ತೂಗಲಾರದು ಎಂದು ಲೆಕ್ಕ ಹಾಕಿದ್ದು ಸುಬ್ರಹ್ಮಣ್ಯನ್ ಚಂದ್ರಶೇಖರ್. ಇಪ್ಪತ್ತರ ಹರೆಯದಲ್ಲಿ! ನೊಬೆಲ್ ಬಂದದ್ದು 1983ರಲ್ಲಿ.

ಹನ್ನೊಂದರ ಹೊತ್ತಿಗೆ ಕಣಿವೆಯಿಂದ ಮಂಜು ಏರಿತು. ಈ ಕಡೆ ಬರುವವರು ಮುಂಜಾನೆಯ ಆಸೆ ಇಟ್ಟುಕೊಳ್ಳದೆ ಸಂಜೆಯೇ ನೋಡಿಬಿಡಿ.

ಬೆಳಿಗ್ಗೆ ಕೆಳದಿ ನಾಯಕರ ಕೋಟೆ ಹತ್ತಿದೆವು. ಕಲ್ಲು ಹಾಸಿನ ದಾರಿ, ಒಂದರ ಮೇಲೊಂದು ಬಾಗಿಲು, ಮೇಲಿಂದ ವರಾಹಿಯ ಹಿನ್ನೀರು. ಮಾವನಿಗೆ ಮಾತ್ರ ಇನ್ನೂ ಆಕಾಶದ್ದೇ ಗುಂಗು. "ಚಿತ್ತೆ, ಸ್ವಾತಿ ಯಾವಾಗ ಕಾಣ್ತಾವೆ?" ಎಂದು ದಾರಿಯುದ್ದಕ್ಕೂ ಕೇಳಿದರು. ಏಪ್ರಿಲ್ ತಿಂಗಳಲ್ಲಿ ಸಂಜೆಯೇ ಪೂರ್ವಕ್ಕೆ ಬಂದಿರುತ್ತವೆ ಎಂದೆ. ಸ್ವಾತಿಯೂ ರೋಹಿಣಿಯ ಹಾಗೆ ಉಬ್ಬಿದ ಮುದಿ ನಕ್ಷತ್ರ, ಆದರೆ ಇನ್ನೂ ಹತ್ತಿರ, 37 ಬೆಳಕಿನ ವರ್ಷ. ಯುಗಾದಿ ಕಳೆದ ಮೇಲಿನ ಅಮಾವಾಸ್ಯೆಗೆ ಬರಲೇಬೇಕು ಎಂದು ಮಾವ ಹೇಳಿ ಕಳಿಸಿದ್ದಾರೆ.